ರಾಜಧಾನಿಯ ಚರಿತ್ರೆಯಲ್ಲಿ ಮಲೆನಾಡಿನ ಪುಟ ಎಲ್ಲಿ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಬೆಂಗಳೂರಿನ ಇತಿಹಾಸದ ಬಗ್ಗೆ ಬಂದ ಲೇಖನವನ್ನು ಪೂರ್ತಿ ಓದಿದೆ. ಕೆಂಪೇಗೌಡರಿಂದ ಹಿಡಿದು ಮೆಟ್ರೋವರೆಗೆ ಬಹಳ ವಿಷಯ ಇತ್ತು, ಬರವಣಿಗೆಯೂ ಚೆನ್ನಾಗಿತ್ತು. ಆದರೆ ಅಷ್ಟುದ್ದದ ಲೇಖನದಲ್ಲಿ ಮಲೆನಾಡಿನ ಹೆಸರು ಒಂದೇ ಒಂದು ಸಲವೂ ಬರಲಿಲ್ಲ. ಓದಿ ಬೇಜಾರಾಯಿತು. ಬೆಂಗಳೂರು ರಾಜಧಾನಿ ಆಗುವುದಕ್ಕೆ ನಮ್ಮ ಕಡೆಯ ರೈತರು ಎಬ್ಬಿಸಿದ ದಂಗೆ ಒಂದು ದೊಡ್ಡ ಕಾರಣ. ಅದು ಕಾರ್ಖಾನೆಗಳ ಊರಾಗಿ ಬೆಳೆಯುವಾಗ ಬೆನ್ನಿಗೆ ಇದ್ದದ್ದು ನಮ್ಮ ಶರಾವತಿಯ ಕರೆಂಟು. ಈಗ ಕುಡಿಯುವ ನೀರಿಗೂ ಅದೇ ಹೊಳೆಯ ಕಡೆ ನೋಡುತ್ತಿದ್ದಾರೆ. ಇಷ್ಟಿದ್ದೂ ರಾಜಧಾನಿಯ ಕಥೆ ಹೇಳುವಾಗ ನಾವು ಲೆಕ್ಕಕ್ಕೇ ಇಲ್ಲ ಅಂದರೆ ಹೇಗೆ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಹಾಕಿ.

ಬೆಂಗಳೂರಿನ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಊರಿಗೆ ಹೋದರೂ ಯಾರದೋ ಮಗ, ಯಾರದೋ ಮಗಳು ಬೆಂಗಳೂರಿನಲ್ಲಿ ಇದ್ದೇ ಇರುತ್ತಾರೆ. ಹಬ್ಬದ ಹಿಂದಿನ ರಾತ್ರಿ ಅಲ್ಲಿಂದ ನಮ್ಮ ಕಡೆಗೆ ಹೊರಡುವ ಬಸ್ಸಿನಲ್ಲಿ ಸೀಟು ಸಿಗುವುದೇ ಕಷ್ಟ. ಆ ಊರು ಚೆನ್ನಾಗಿರಲಿ, ಅಲ್ಲಿರುವವರಿಗೆ ನೀರು, ನೆರಳು, ಅನ್ನ ಎಲ್ಲ ಸಿಗಲಿ. ನಾನು ಕೇಳುತ್ತಿರುವುದು ಕಥೆ ಪೂರ್ತಿ ಹೇಳಿ ಅಂತ, ಅಷ್ಟೇ.

ಬೆಂಗಳೂರು ಕೆಂಪೇಗೌಡರಿಗಿಂತ ಹಳೆಯ ಊರು. ಬೇಗೂರಿನಲ್ಲಿ ಸಿಕ್ಕಿರುವ, ಸುಮಾರು 890ರ ಹೊತ್ತಿನ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಆದರೆ ಅದು ಪೇಟೆ ಪಟ್ಟಣ ಆಗಿ ಎದ್ದು ನಿಂತದ್ದು 1537ರಲ್ಲಿ ಕೆಂಪೇಗೌಡರು ಮಣ್ಣಿನ ಕೋಟೆ ಕಟ್ಟಿದ ಮೇಲೆ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಪಕ್ಕದಲ್ಲಿ ದೊಡ್ಡ ಹೊಳೆ ಇಲ್ಲದ, ದಿಣ್ಣೆಯ ಮೇಲಿನ ಊರು ಅದು. ಹಾಗಾಗಿ ಅವರು ಮೊದಲು ಯೋಚಿಸಿದ್ದೇ ಕೆರೆ. ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ, ಹೀಗೆ ಮಳೆ ನೀರನ್ನು ಹಿಡಿದು, ಒಂದು ತುಂಬಿದರೆ ಕೋಡಿ ಹರಿದು ತಗ್ಗಿನ ಇನ್ನೊಂದಕ್ಕೆ ಹೋಗುವ ಹಾಗೆ ಕೆರೆಗಳು ಬೆಳೆದವು. ಕೆರೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮಲೆನಾಡಿಗೂ ಬೆಂಗಳೂರಿಗೂ ಒಂದೇ ಏಟು ಬಿದ್ದ ಕಾಲವೂ ಇದೆ. ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ 1637ರಲ್ಲಿ ಇಕ್ಕೇರಿಯನ್ನು ಕೊಳ್ಳೆ ಹೊಡೆದ, ಮರುವರ್ಷ ಬೆಂಗಳೂರನ್ನು ಹಿಡಿದ. ಇಕ್ಕೇರಿ ಆಗ ಕೆಳದಿ ಅರಸರ ರಾಜಧಾನಿ, ಸಾಗರದಿಂದ ಕೂಗಳತೆ ದೂರ, ಅಘೋರೇಶ್ವರ ದೇವಸ್ಥಾನ ಇವತ್ತಿಗೂ ಇದೆ. ಈ ದಾಳಿಯಾದ ಮೇಲೆ ವೀರಭದ್ರ ನಾಯಕ ರಾಜಧಾನಿಯನ್ನು ಕಾಡಿನ ನಡುವಿನ ಬಿದನೂರಿಗೆ ಸಾಗಿಸಿದ. ಬೆಂಗಳೂರು ಶಿವಾಜಿಯ ತಂದೆ ಶಹಾಜಿಯ ಜಹಗೀರಾಯಿತು, ಆಮೇಲೆ ಮೊಗಲರ ಕೈಗೆ ಹೋಯಿತು, ಅಲ್ಲಿಂದ ಮೂರು ಲಕ್ಷ ರೂಪಾಯಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಬಂತು.

ಅದೇ ಹೊತ್ತಿಗೆ ನಮ್ಮ ಬಿದನೂರು ಬೆಳೆಯುತ್ತಿತ್ತು. ಶಿವಪ್ಪ ನಾಯಕ ಭೂಮಿಯನ್ನು ಅಳೆಸಿ, ಬೆಳೆ ನೋಡಿ ಕಂದಾಯ ಕಟ್ಟಿದ ಪದ್ಧತಿಗೆ ಶಿಸ್ತು ಅಂತಲೇ ಹೆಸರು. ಘಟ್ಟದ ಮೇಲಿನ ಮೆಣಸು, ಅಡಿಕೆ, ಅಕ್ಕಿ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು, ದುಡ್ಡು ಮೇಲಕ್ಕೆ ಬರುತ್ತಿತ್ತು. 1689ರಲ್ಲಿ ಔರಂಗಜೇಬನ ಸೈನ್ಯ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಜಾಗ ಕೊಟ್ಟ ಚೆನ್ನಮ್ಮಾಜಿಯದೂ ಇದೇ ರಾಜ್ಯ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ, ರಾಣಿ ವೀರಮ್ಮಾಜಿಯನ್ನು ಸೆರೆ ಹಿಡಿದು ಮಧುಗಿರಿಗೆ ಕಳಿಸಿದ. ಅಲ್ಲಿ ಸಿಕ್ಕಿದ ಸಂಪತ್ತೇ ತನ್ನ ಏಳಿಗೆಗೆ ಬುನಾದಿ ಅಂತ ಹೈದರ್ ಹೇಳುತ್ತಿದ್ದನೆಂದು ಇಂಗ್ಲಿಷ್ ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಊರಿಗೆ ಹೈದರ್ ನಗರ ಅಂತ ಹೆಸರಿಟ್ಟು, ಅಲ್ಲೇ ಟಂಕಸಾಲೆ ನಡೆಸಿದ. ಹೈದರನ ವರಹವನ್ನು ಒಮ್ಮೆ ಹತ್ತಿರದಿಂದ ನೋಡಿ. ಒಂದು ಕಡೆ ಅವನ ಹೆಸರಿನ ಮೊದಲ ಅಕ್ಷರ, ಇನ್ನೊಂದು ಕಡೆ ಕೂತ ಶಿವ ಪಾರ್ವತಿ, ಕೆಳದಿಯವರ ನಾಣ್ಯದಲ್ಲಿ ಇದ್ದ ಹಾಗೆಯೇ. ಜನಕ್ಕೆ ಆ ನಾಣ್ಯದ ಮೇಲೆ ಇದ್ದ ನಂಬಿಕೆಯನ್ನು ಗೆದ್ದವನೂ ಬದಲಿಸಲಿಲ್ಲ. ಬೆಂಗಳೂರಿನ ಕಲ್ಲಿನ ಕೋಟೆ, ಲಾಲ್‌ಬಾಗ್ ಅಂದಾಗ ಹೈದರನ ಹೆಸರು ಬರುತ್ತದೆ. ಅವನ ಮುಂದಿನ ಯುದ್ಧಗಳಿಗೆ ದುಡ್ಡು ಎಲ್ಲಿಂದ ಬಂತು ಅನ್ನುವಾಗ ಬಿದನೂರಿನ ಹೆಸರೂ ಬರಬೇಕಲ್ವಾ?

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಇಂಗ್ಲಿಷರು ಮೈಸೂರು ರಾಜ್ಯವನ್ನು ಒಡೆಯರ ಮನೆತನಕ್ಕೆ ಕೊಟ್ಟರು. ಅರಸರು ಮೈಸೂರಿನಲ್ಲಿ, ರಾಜ್ಯದ ಆಡಳಿತವೂ ಅಲ್ಲೇ. 1809ರಲ್ಲಿ ಇಂಗ್ಲಿಷರ ಸೈನ್ಯ ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂತು, ನಿಜ. ಆದರೆ ಬೆಂಗಳೂರು ರಾಜಧಾನಿ ಆಗಿರಲಿಲ್ಲ. ಆಗಿದ್ದು 1831ರಲ್ಲಿ. ಯಾಕೆ ಆಯಿತು? ನಿಮ್ಮ ಲೇಖನದಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು ಅನ್ನುವ ಒಂದು ಸಾಲಿದೆ. ಆ ಸಾಲಿನ ಹಿಂದೆ ಇರುವುದು ನಗರದ ರೈತ ದಂಗೆ.

ನಗರ ಅಂದರೆ ಅದೇ ಹಳೇ ಬಿದನೂರು. ಆ ಸೀಮೆ ಈಗಿನ ಶಿವಮೊಗ್ಗ ಜಿಲ್ಲೆ ಮತ್ತು ಸುತ್ತಮುತ್ತ. ಆಗ ಶರತ್ತು ಅಂತ ಒಂದು ಪದ್ಧತಿ ಇತ್ತು. ಅಮಲ್ದಾರನಾದವನು ಈ ತಾಲ್ಲೂಕಿನಿಂದ ಇಷ್ಟು ಕಂದಾಯ ತಂದೇ ತರುತ್ತೇನೆ ಅಂತ ಒಪ್ಪಿಕೊಂಡು ಅಧಿಕಾರ ಹಿಡಿಯಬೇಕು. ಒಪ್ಪಿಕೊಂಡ ಮೇಲೆ ಮಳೆ ಬಂತೋ ಇಲ್ಲವೋ, ಅಡಿಕೆಗೆ ಕೊಳೆ ಹಿಡಿಯಿತೋ ಏನೋ, ಅವನಿಗೆ ಬೇಕಾದದ್ದು ದುಡ್ಡು. ಹಿಂಡಿದ್ದು ರೈತನನ್ನು. ಮೇಲೆ ಹೇಳಿಕೊಂಡರೆ ಕೇಳುವವರಿಲ್ಲ. 1830ರಲ್ಲಿ ರೈತರು ಕಂದಾಯ ಕೊಡುವುದಿಲ್ಲ ಅಂತ ನಿಂತರು. ಒಂದೊಂದು ಊರಿನವರು ಬಂದು ಒಂದು ಕಡೆ ಸೇರುವುದಕ್ಕೆ ಕೂಟ ಅನ್ನುತ್ತಿದ್ದರು. ಆನಂದಪುರದ ಕಡೆ ಶುರುವಾದ ಕೂಟಗಳು ಸೀಮೆ ತುಂಬ ಹಬ್ಬಿದವು. ಹಳೇ ನಗರದ ಗಾದಿಗೆ ನಾನೇ ವಾರಸುದಾರ ಅಂತ ಬೂದಿ ಬಸವಪ್ಪ ಮುಂದೆ ಬಂದ, ತರೀಕೆರೆಯ ಪಾಳೇಗಾರ ರಂಗಪ್ಪ ನಾಯಕನೂ ಎದ್ದ. ಅರಸರ ಸೈನ್ಯದಿಂದ ಇದನ್ನು ನಿಲ್ಲಿಸಲು ಆಗಲಿಲ್ಲ, ಇಂಗ್ಲಿಷರ ಪಡೆ ಬರಬೇಕಾಯಿತು. 1831ರಲ್ಲಿ ನಗರದ ಕೋಟೆ ಅವರ ಕೈಗೆ ಹೋಯಿತು.

ಆ ವರ್ಷವೇ ಗವರ್ನರ್ ಜನರಲ್ ಬೆಂಟಿಂಕ್ ಇದನ್ನೇ ಕಾರಣವಾಗಿ ತೋರಿಸಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತ ಕಿತ್ತುಕೊಂಡ. ಖಜಾನೆಯ ಸ್ಥಿತಿ, ಈಸ್ಟ್ ಇಂಡಿಯಾ ಕಂಪನಿಗೆ ಕೊಡಬೇಕಾದ ಬಾಕಿ, ಇಂಥ ಬೇರೆ ಕಾರಣಗಳನ್ನೂ ಹೇಳಿದರು. ಆದರೆ ದಂಗೆ ಆಗದಿದ್ದರೆ ಅದಕ್ಕೆ ಅವಕಾಶವೇ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ರಾಜ್ಯ ಆಳಲು ಬಂದ ಕಮಿಷನರು ಕಚೇರಿಯನ್ನು ಬೆಂಗಳೂರಿನಲ್ಲಿ ಇಟ್ಟರು. ಕೋಟೆಯೊಳಗಿನ ಟಿಪ್ಪುವಿನ ಮರದ ಅರಮನೆಯಲ್ಲೇ ಸೆಕ್ರೆಟರಿಯೇಟ್ ನಡೆಯಿತು. ಜಾಗ ಸಾಲದೆ 1868ರಲ್ಲಿ ಹೊಸದಾಗಿ ಕಟ್ಟಿದ ಅಠಾರಾ ಕಚೇರಿಗೆ ಹೋಯಿತು, ಅದೇ ಇವತ್ತಿನ ಹೈಕೋರ್ಟ್. ಕಮಿಷನರ್ ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಬೆಂಗಳೂರಿನಿಂದಲೇ ಆಳಿದ. 1881ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂತು, ಅರಮನೆ ಮೈಸೂರಿನಲ್ಲೇ ಉಳಿಯಿತು, ಆದರೆ ದಿವಾನರು ಮತ್ತು ಕಚೇರಿಗಳು ಬೆಂಗಳೂರು ಬಿಟ್ಟು ಹೋಗಲಿಲ್ಲ. 1956ರಲ್ಲಿ ವಿಧಾನಸೌಧ ಎದ್ದಿದ್ದು ಆ ಅಠಾರಾ ಕಚೇರಿಯ ಎದುರಿಗೇ.

ಅಂದರೆ ಬೆಂಗಳೂರಿಗೆ ಈ ಪಟ್ಟ ಬಂದ ದಾರಿ ಆನಂದಪುರ, ನಗರದ ಮೇಲೆ ಹಾದುಹೋಗಿದೆ. ಇವತ್ತು ಹೊಸನಗರದಿಂದ ಕೊಲ್ಲೂರಿಗೆ ಹೋಗುವ ಪ್ರವಾಸಿಗರು ದಾರಿ ಬದಿಯಲ್ಲಿ ನಗರದ ಕೋಟೆ ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮಳೆಗಾಲದಲ್ಲಿ ಗೋಡೆಯ ತುಂಬ ಪಾಚಿ, ಜರಿಗಿಡ. ಇಲ್ಲಿ ಹುಟ್ಟಿದ ಒಂದು ಗಲಾಟೆ ರಾಜ್ಯದ ಆಡಳಿತವನ್ನೇ ಮೈಸೂರಿನಿಂದ ಬೆಂಗಳೂರಿಗೆ ಸರಿಸಿತು ಅಂತ ಹೇಳಿದರೆ ನಮ್ಮ ಜಿಲ್ಲೆಯ ಮಕ್ಕಳೇ ಆಶ್ಚರ್ಯಪಡುತ್ತಾರೆ. ಮಕ್ಕಳ ತಪ್ಪಲ್ಲ ಅದು. ನಾವು ಹೇಳಿಲ್ಲ.

ಇನ್ನು ಕರೆಂಟು. ಬೆಂಗಳೂರಿನ ಬೀದಿದೀಪ ಮೊದಲು ಉರಿದದ್ದು 1905ರಲ್ಲಿ, ಶಿವನಸಮುದ್ರದ ಕಾವೇರಿಯಿಂದ. ಅದರ ಗೌರವ ಅದಕ್ಕೆ ಇರಲಿ. ಆದರೆ 1940ರ ನಂತರದ ಬೆಂಗಳೂರು ಬೇರೆಯೇ ಊರು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ವಿಮಾನ, ಟೆಲಿಫೋನು, ಗಡಿಯಾರ, ರೇಡಿಯೋ ಮಾಡುವ ಊರಿಗೆ ಶಿವನಸಮುದ್ರದ ಕರೆಂಟು ಎಲ್ಲಿ ಸಾಕಾಗುತ್ತದೆ? 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು, 120 ಮೆಗಾವಾಟ್. ಅದೂ ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, 151 ಟಿಎಂಸಿ ನೀರು ನಿಲ್ಲುವಂಥದ್ದು. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದಲ್ಲಿ 10 ಯಂತ್ರ, ಒಟ್ಟು 1035 ಮೆಗಾವಾಟ್. ಎಷ್ಟೋ ವರ್ಷ ರಾಜ್ಯಕ್ಕೆ ಕರೆಂಟು ಅಂದರೆ ಶರಾವತಿ ಅಂತಲೇ ಆಗಿತ್ತು.

ಇದರ ಬೆಲೆ ಕೊಟ್ಟವರು ಸಾಗರ ಮತ್ತು ಹೊಸನಗರ ತಾಲ್ಲೂಕಿನ ಜನ. ಗದ್ದೆ, ತೋಟ, ಮನೆ, ದೇವಸ್ಥಾನ, ಎಲ್ಲ ನೀರಿನಡಿ. ಸಾವಿರಾರು ಕುಟುಂಬಗಳನ್ನು ಲಾರಿಯಲ್ಲಿ ಕರೆದುಕೊಂಡು ಹೋಗಿ ಶಿವಮೊಗ್ಗ, ಭದ್ರಾವತಿ ಸುತ್ತಿನ ಕಾಡಿನಲ್ಲಿ ಬಿಟ್ಟರು. ಕಾಡು ಕಡಿದು ಗದ್ದೆ ಮಾಡಿಕೊಂಡರು. ಜಾಗ ಕೊಟ್ಟರು, ಕಾಗದ ಕೊಡಲಿಲ್ಲ. ಆ ಭೂಮಿ ದಾಖಲೆಯಲ್ಲಿ ಇನ್ನೂ ಅರಣ್ಯ. ಮೂರನೇ ತಲೆಮಾರು ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದೆ, ಪ್ರತಿ ಚುನಾವಣೆಯಲ್ಲೂ ಮುಳುಗಡೆ ಸಂತ್ರಸ್ತರು ಅನ್ನುವ ಮಾತು ಭಾಷಣದಲ್ಲಿ ಬರುತ್ತದೆ, ಆಮೇಲೆ ಕೋರ್ಟು, ಡಿನೋಟಿಫಿಕೇಶನ್ನು ಅಂತ ಫೈಲು ನಿಲ್ಲುತ್ತದೆ. ಬ್ಯಾಂಕಿನಲ್ಲಿ ಸಾಲ ಸಿಗುವುದಿಲ್ಲ, ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳಲು ಆಗುವುದಿಲ್ಲ.

ಹೋಗದೆ ಉಳಿದವರ ಕಥೆ ಇನ್ನೊಂದು. ತುಮರಿ, ಬ್ಯಾಕೋಡು ಕಡೆಯವರಿಗೆ ಸಾಗರಕ್ಕೆ ಬರುವ ರಸ್ತೆಯೇ ಮುಳುಗಿಹೋಯಿತು. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಬಸ್ಸು, ಜೀಪು, ಬೈಕು, ದನದ ಹಿಂಡಿ, ಗ್ಯಾಸ್ ಸಿಲಿಂಡರು, ಬಾಣಂತಿ, ಎಲ್ಲ ಒಂದೇ ಲಾಂಚಿನಲ್ಲಿ. ಕತ್ತಲಾದ ಮೇಲೆ ಲಾಂಚಿರಲಿಲ್ಲ, ರಾತ್ರಿ ಎದೆನೋವು ಬಂದರೆ ದೇವರೇ ಗತಿಯಾಗಿದ್ದ. ಬೇಸಿಗೆಯಲ್ಲಿ ನೀರು ಇಳಿದರೆ ದೊಡ್ಡ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಸೇತುವೆ ಬಂದದ್ದು 2025ರ ಜುಲೈನಲ್ಲಿ. ಅಣೆಕಟ್ಟು ಮುಗಿದು 60 ವರ್ಷ ದಾಟಿದ ಮೇಲೆ! ಈಗ ಆ ಸೇತುವೆ ನೋಡಲು ಬೆಂಗಳೂರಿನಿಂದ ಜನ ಬರುತ್ತಾರೆ, ಸಿಗಂದೂರಿಗೆ ಹೋಗುತ್ತಾರೆ. ಸಂತೋಷ, ಬರಲಿ. ಆ ಅರವತ್ತು ವರ್ಷ ಅಲ್ಲಿಯವರು ಯಾರ ಮನೆ ದೀಪಕ್ಕಾಗಿ ಹೀಗೆ ಬದುಕಿದರು ಅನ್ನುವುದನ್ನು ಅವರಿಗೆ ಹೇಳುವುದು ಪತ್ರಿಕೆಗಳ ಕೆಲಸ.

ಈಗ ನೀರಿನ ಮಾತು. 2019ರಲ್ಲಿ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ಒಯ್ಯುವ ಪ್ರಸ್ತಾಪ ಬಂತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು, ಪಕ್ಷ ಜಾತಿ ನೋಡದೆ ಜನ ಬೀದಿಗಿಳಿದರು. ಆ ಮಾತು ಅಲ್ಲಿಗೇ ನಿಲ್ಲಲಿಲ್ಲ, ಆಗಾಗ ತಲೆ ಎತ್ತುತ್ತಲೇ ಇದೆ. ಸಮುದ್ರಕ್ಕೆ ಸುಮ್ನೆ ಹೋಗುವ ನೀರು, ಕುಡಿಯಲು ಕೊಟ್ಟರೆ ಏನು ನಷ್ಟ ಅಂತ ಕೇಳುವವರಿದ್ದಾರೆ. ಸುಮ್ನೆ ಹೋಗುವುದಿಲ್ಲ ಸ್ವಾಮಿ. ಲಿಂಗನಮಕ್ಕಿಯ ನೀರು ಪೆನ್‌ಸ್ಟಾಕ್ ಅನ್ನುವ ದೊಡ್ಡ ಕೊಳವೆಯಲ್ಲಿ ಇಳಿದು ಒಂದು ಸಲ ಕರೆಂಟು ಮಾಡುತ್ತದೆ, ಗೇರುಸೊಪ್ಪೆಯಲ್ಲಿ ಇನ್ನೊಂದು ಸಲ ಮಾಡುತ್ತದೆ, ಆಮೇಲೆ ಹೊನ್ನಾವರದ ಕಡೆಯವರ ತೋಟ, ಬಾವಿಗಳಿಗೆ ಆಸರೆ ಆಗುತ್ತದೆ. ಹೊಳೆಯಲ್ಲಿ ಸಿಹಿ ನೀರು ಕಡಿಮೆಯಾದರೆ ಕೆಳಗಿನಿಂದ ಉಪ್ಪು ನೀರು ಮೇಲೆ ಹತ್ತುತ್ತದೆ. ಬೇಸಿಗೆ ಬಂದರೆ ಇದೇ ಹಿನ್ನೀರಿನ ಅಕ್ಕಪಕ್ಕದ ಹಳ್ಳಿಗಳಿಗೆ ಟ್ಯಾಂಕರಿನಲ್ಲಿ ನೀರು ಹೋಗುತ್ತದೆ, ಇದನ್ನು ಯಾರಾದರೂ ಬಂದು ನೋಡಬಹುದು.

ಲೆಕ್ಕವನ್ನೂ ಹಾಕಿ ನೋಡಿ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ. ಬೆಂಗಳೂರು ಇರುವುದು ಸುಮಾರು 3000 ಅಡಿಯಲ್ಲಿ. ಅಂದರೆ 300 ಕಿಲೋಮೀಟರಿಗೂ ದೂರ ಪೈಪು ಎಳೆದು, ಸಾವಿರ ಅಡಿಗೂ ಜಾಸ್ತಿ ಮೇಲೆತ್ತಬೇಕು. ಕೆಳಕ್ಕೆ ಬಿದ್ದು ಕರೆಂಟು ಕೊಡುತ್ತಿದ್ದ ನೀರನ್ನೇ ಕರೆಂಟು ಸುಟ್ಟು ಮೇಲಕ್ಕೆ ಹತ್ತಿಸುವುದು. ದಾರಿಯುದ್ದಕ್ಕೂ ಬೀಳುವ ಮರಗಳ ಲೆಕ್ಕ ಬೇರೆ.

ಬೆಂಗಳೂರಿನ ನೀರಿನ ಚರಿತ್ರೆ ನೋಡಿದರೆ ಪ್ರತಿ ಸಲವೂ ಅದು ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೆ ಹೋಗಿದೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ ಸುಮಾರು 100 ಕಿಲೋಮೀಟರ್ ಆಚೆಯ ಕಾವೇರಿ. 2024ರ ಅಕ್ಟೋಬರಿನಲ್ಲಿ ಕಾವೇರಿಯ ಐದನೇ ಹಂತ, ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್. ಪೈಪು ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಉಳಿದ ಬೆಳ್ಳಂದೂರು ಕೆರೆಗೆ ಕೊಳಚೆ ಬಿಟ್ಟು ಬಿಟ್ಟು ಅದರ ನೊರೆ ರಸ್ತೆಗೆ ಬಂತು, ನೀರಿನ ಮೇಲೆ ಬೆಂಕಿಯೂ ಹತ್ತಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿವೆ ಅಂತ ಸರ್ಕಾರವೇ ಹೇಳಿತು.

ಆದರೆ ಆ ಊರಿನ ಮೇಲೆ ಮಳೆ ಬೀಳುತ್ತದೆ. ವರ್ಷಕ್ಕೆ 90 ಸೆಂಟಿಮೀಟರಿಗೂ ಹೆಚ್ಚು. ಊರಿನ ವಿಸ್ತೀರ್ಣ 700 ಚದರ ಕಿಲೋಮೀಟರ್ ದಾಟಿದೆ. ಗುಣಿಸಿದರೆ 20 ಟಿಎಂಸಿಗೂ ಮೇಲೆ ಬರುತ್ತದೆ. ಅಷ್ಟನ್ನೂ ಹಿಡಿಯಲು ಆಗುವುದಿಲ್ಲ, ಒಪ್ಪುತ್ತೇನೆ. ನಾಲ್ಕನೇ ಒಂದು ಭಾಗ ಹಿಡಿದರೂ ದೊಡ್ಡದೇ. ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬಳಸಿದ ನೀರನ್ನು ಮತ್ತೆ ಬಳಸಬಹುದು ಅಂತ ಅವರೇ ಮಾಡಿ ತೋರಿಸಿದ ಕೆಲಸ ಅದು. ಇನ್ನೂ ಜಾಸ್ತಿ ಮಾಡಲಿ. ಕೆಂಪೇಗೌಡರ ಊರಿನವರಿಗೆ ಕೆರೆ ಕಟ್ಟುವುದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ನಗರದ ಹತ್ತಿರ ದೇವಗಂಗೆ ಅಂತ ಒಂದು ಜಾಗ ಇದೆ, ಕೆಳದಿ ಅರಸರ ಕಾಲದ ಕೊಳಗಳು. ಗುಡ್ಡದಿಂದ ಬರುವ ಒಂದು ಸಣ್ಣ ಒರತೆಯ ನೀರು ಕಲ್ಲಿನ ಕೊಳಕ್ಕೆ ಬಂದು, ಅಲ್ಲಿಂದ ಇನ್ನೊಂದಕ್ಕೆ, ಮತ್ತೊಂದಕ್ಕೆ ಇಳಿದು ಹೋಗುತ್ತದೆ. ಅಷ್ಟು ಮಳೆ ಬೀಳುವ ಊರಿನಲ್ಲೂ ಆ ಕಾಲದವರು ಒರತೆಯ ನೀರನ್ನು ಹಾಗೆ ಜೋಪಾನ ಮಾಡಿದ್ದರು. ವಿಧಾನಸೌಧದಲ್ಲಿ ಕೂತು ಶರಾವತಿಯ ಬಗ್ಗೆ ಮಾತಾಡುವವರು ಒಮ್ಮೆ ಅಲ್ಲಿಗೆ ಬಂದು ನೋಡಲಿ.

ಶಿವಮೊಗ್ಗ ಜಿಲ್ಲೆಯಿಂದ ಹೋಗಿ ಆ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಆದವರು ಒಬ್ಬಿಬ್ಬರಲ್ಲ. ಕಡಿದಾಳು ಮಂಜಪ್ಪ, ಬಂಗಾರಪ್ಪ, ಯಡಿಯೂರಪ್ಪ. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯ ಜೆ.ಎಚ್. ಪಟೇಲರೂ ಇದ್ದಾರೆ. ಇಷ್ಟು ಜನ ಹೋಗಿ ಬಂದರೂ ಮುಳುಗಡೆಯವರ ಹಕ್ಕುಪತ್ರ ಬಾಕಿ ಉಳಿಯಿತು ಅನ್ನುವುದು ನಮಗೆ ಮರೆಯಲಾಗದ ನೋವು. ಸರ್ಕಾರ ಶರಾವತಿ ನೀರಿನ ಯೋಜನೆಯನ್ನು ಪೂರ್ತಿ ಕೈಬಿಟ್ಟೆವು ಅಂತ ಬರೆದು ಕೊಡಲಿ, ಹಳೇ ಬಾಕಿಯನ್ನು ಮೊದಲು ತೀರಿಸಲಿ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ಲೇಖನದ ಮುಂದಿನ ಭಾಗ ಬರೆಸುವಾಗ ನಿಮ್ಮ ವರದಿಗಾರರನ್ನು ಈ ಕಡೆ ಕಳಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬರಲಿ. ನೀರು ಇಳಿದ ವರ್ಷ ಲಿಂಗನಮಕ್ಕಿಗಿಂತ ಮೊದಲು ಕಟ್ಟಿ, ಆಮೇಲೆ ಅದರಲ್ಲೇ ಮುಳುಗಿದ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ, ಹಳೇ ಮರದ ಬುಡಗಳು ಇನ್ನೂ ನಿಂತಿರುತ್ತವೆ. ತುಮರಿ ಕಡೆ, ಭದ್ರಾವತಿ ಸುತ್ತಿನ ಮುಳುಗಡೆ ಕ್ಯಾಂಪುಗಳ ಕಡೆ ಹೋಗಿ ಹಿರಿಯರ ಹತ್ತಿರ ಕೂತು ಮಾತಾಡಲಿ. ಊರು ಬಿಡುವಾಗ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಯಾವ ಗದ್ದೆಗೆ ಏನು ಹೆಸರು, ಲಾರಿಯಲ್ಲಿ ಯಾರು ಯಾರು ಹೋದರು, ಯಾರನ್ನು ಎಲ್ಲಿ ಇಳಿಸಿದರು ಅಂತ ಅವರಿಗೆ ನೆನಪಿದೆ. ಬೇಗ ಬಂದು ಬರೆದುಕೊಳ್ಳಿ.

ಇಂತಿ,
ನಿಮ್ಮ ಓದುಗ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ